ಟಿಸಿ ಬೇರೆ, ಫೀ ಬೇರೆ

ಖಾಸಗಿ ಶಾಲೆಯಿಂದ ಮಗುವನ್ನು ಬಿಡಿಸಿಕೊಳ್ಳಲು ಹೊರಟ ಪಾಲಕರಿಗೆ ನಾನು ಮೊದಲು ಹೇಳುವುದು ಇಷ್ಟೇ: ಟಿಸಿಯ ಜಗಳವನ್ನೂ ಫೀ ಜಗಳವನ್ನೂ ಒಂದೇ ಗಂಟು ಹಾಕಬೇಡಿ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತ ಬಂದವನು ನಾನು. ಪ್ರತಿ ಜೂನ್‌ನಲ್ಲಿ ದಾಖಲಾತಿ ಪುಸ್ತಕ ತೆರೆದು ಕೂತಾಗ ಎದುರಿಗೆ ಬಂದು ನಿಲ್ಲುವ ಪಾಲಕರಿಂದ ಕಲಿತ ಪಾಠ ಇದು.

ಈ ತಂಟೆ ಹುಟ್ಟುವುದೇ ಕ್ಯಾಲೆಂಡರಿನಿಂದ. ಖಾಸಗಿ ಶಾಲೆಗಳಲ್ಲಿ ಅಡ್ಮಿಶನ್ ಬೇಸಿಗೆ ರಜೆಗೂ ಮೊದಲೇ ಶುರುವಾಗುತ್ತದೆ. ಈಗ ಕಟ್ಟಿದರೆ ಸೀಟು, ಇಲ್ಲವಾದರೆ ಇಲ್ಲ ಎನ್ನುತ್ತಾರೆ. ಗೋವಿನಜೋಳ ಮಾರಿದ ದುಡ್ಡು ಅಲ್ಲಿಗೆ ಹೋಗುತ್ತದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಸೀಟು ಹಂಚಿಕೆ ಮಾತ್ರ ಆಮೇಲೆ ಸುತ್ತು ಸುತ್ತಾಗಿ ನಡೆಯುತ್ತದೆ. ಅಲ್ಲಿ ಹೆಸರು ಬಂದರೆ ಯಾವ ತಂದೆ ಬಿಡುತ್ತಾನೆ? ಇನ್ನು ಕೆಲವರಿಗೆ ಬೀಜ ಗೊಬ್ಬರದ ಹೊತ್ತಿಗೆ ಕೈ ಖಾಲಿಯಾಗಿ, ಎರಡನೇ ಕಂತು ಕಟ್ಟಲಾಗದೆ ಮಗುವನ್ನು ಊರ ಶಾಲೆಗೆ ತರುವ ಪ್ರಸಂಗ ಬರುತ್ತದೆ.

ಸವಣೂರು ತಾಲ್ಲೂಕಿನಲ್ಲಿದ್ದಾಗ ಐದನೇ ತರಗತಿಯ ಹುಡುಗಿಯೊಬ್ಬಳ ತಾಯಿ ಬಂದಿದ್ದರು. "ಬಾಕಿ ಕಟ್ಟಿದ್ರ ಟಿಸಿ ಕೊಡ್ತೀವಿ ಅಂತಾರ್ರಿ ಸರ್. ನಾವು ಮೊದ್ಲ ಕಟ್ಟಿದ್ದ ವಾಪಸ್ ಕೊಡ್ರಿ ಅಂತ ಹಟಾ ಹಿಡದೇವಿ" ಎಂದರು. ಇಬ್ಬರ ಹಟದ ನಡುವೆ ಹುಡುಗಿ ಶಾಲೆ ಇಲ್ಲದೆ ಮನೆಯಲ್ಲಿ ತಮ್ಮನನ್ನು ಆಡಿಸುತ್ತಿದ್ದಳು. "ಫೀ ಮಾತು ಆಮ್ಯಾಲಿಂದ ನೋಡೂಣ್ರಿ, ನಾಳೆ ಮಗಳನ್ನ ಕರ್ಕೊಂಡು ಬರ್ರಿ" ಎಂದೆ. ಮರುದಿನವೇ ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಬಂತು.

ಇದು ಮಾಸ್ತರನ ಉದಾರತೆಯಲ್ಲ, ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ, ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗಬಯಸಿದರೆ ಹಿಂದಿನ ಶಾಲೆಯ ಮುಖ್ಯ ಶಿಕ್ಷಕರು ತಕ್ಷಣ ವರ್ಗಾವಣೆ ಪತ್ರ ಕೊಡಬೇಕು. ಅದು ಬರುವುದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಮುಂದೂಡುವಂತೆಯೂ ಇಲ್ಲ. ಬೇಕೆಂದೇ ತಡ ಮಾಡಿದವರ ಮೇಲೆ ಶಿಸ್ತುಕ್ರಮಕ್ಕೆ ಅವಕಾಶವಿದೆ. ಒಂದರಿಂದ ಎಂಟನೇ ತರಗತಿವರೆಗೆ ಇದು ಗಟ್ಟಿ ಆಧಾರ. ಒಂಬತ್ತು, ಹತ್ತನೇ ತರಗತಿ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅಲ್ಲಿ ಬಿಇಒ ಕಚೇರಿಗೆ ಬೇಗ ಅರ್ಜಿ ಕೊಡುವುದು ಒಳ್ಳೆಯದು. 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಟಿಸಿ ಎಂಬುದು ಬಾಕಿ ವಸೂಲಿ ಮಾಡುವ ಸಾಧನವಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಶಾಲೆಗೆ ಬಾಕಿ ಬರಬೇಕಿದ್ದರೆ ಅದನ್ನು ಕೇಳುವ ದಾರಿಗಳು ಬೇರೆ ಇವೆ. ಮಗುವಿನ ಓದು ಅಡವು ಇಡುವ ವಸ್ತುವಲ್ಲ.

ಟಿಸಿ ಕೈಗೆ ಬಂದ ಮೇಲೂ ಒಂದು ಕೆಲಸ ಉಳಿಯುತ್ತದೆ. ಸ್ಯಾಟ್ಸ್ ತಂತ್ರಾಂಶದಲ್ಲಿ ಮಗುವಿನ ಹೆಸರು ಹಳೆಯ ಶಾಲೆಯಿಂದ ಹೊಸ ಶಾಲೆಗೆ ಬಂದಿದೆಯೇ ಎಂದು ಹೆಡ್‌ಮಾಸ್ತರರನ್ನು ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಇನ್ನು ದುಡ್ಡಿನ ಮಾತು. ಪದವಿ ಕಾಲೇಜುಗಳಿಗೆ ಯುಜಿಸಿ 2018ರಲ್ಲಿ ದಿನಾಂಕವಾರು ಲೆಕ್ಕ ಹಾಕಿಕೊಟ್ಟಿತು. ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಮೊದಲೇ ಬಿಟ್ಟರೆ ಪೂರ್ತಿ ವಾಪಸ್, ಆಮೇಲೆ ಶೇ 90, 80, 50 ಎಂದು ಇಳಿಯುತ್ತ, ಕೊನೆಯ ದಿನ ಕಳೆದು ತಿಂಗಳು ದಾಟಿದರೆ ಏನೂ ಇಲ್ಲ. ಈ ನಿಯಮ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಜೊತೆಗೆ, ಕರ್ನಾಟಕ ಶಿಕ್ಷಣ ಕಾಯ್ದೆಯಲ್ಲಿ ಶುಲ್ಕ ನಿಯಂತ್ರಣದ 48ನೇ ಕಲಂ ಅನುದಾನರಹಿತ ಖಾಸಗಿ ಶಾಲೆಗಳಿಗೆ ಅನ್ವಯಿಸದು ಎಂದು 2023ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಹಾಗಾಗಿ ಶಾಲೆ ಬರೆದುಕೊಟ್ಟ ಕಾಗದ ಮತ್ತು ನೀವು ಬರೆದುಕೊಟ್ಟ ಅರ್ಜಿ, ಇವೆರಡರ ಮೇಲೇ ಬಹುಪಾಲು ತೀರ್ಮಾನವಾಗುತ್ತದೆ.

ಹಿರೇಕೆರೂರಿನ ರೈತರೊಬ್ಬರು ತಂದ ಪಾವತಿ ಇನ್ನೂ ನೆನಪಿದೆ. ಅದರ ತಳದಲ್ಲಿ ಸಣ್ಣ ಅಕ್ಷರದಲ್ಲಿ, ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ಹಿಂತಿರುಗಿಸುವುದಿಲ್ಲ ಎಂದಿತ್ತು. ಮಗನಿಗೆ ಮೊರಾರ್ಜಿ ಶಾಲೆಯಲ್ಲಿ ಸೀಟು ಸಿಕ್ಕಿತ್ತು, ಖಾಸಗಿ ಶಾಲೆ ಇನ್ನೂ ಆರಂಭವೇ ಆಗಿರಲಿಲ್ಲ. "ಎಲ್ಲಾ ವಾಪಸ್ ಕೊಡ್ರಿ" ಎಂದು ಕೇಳಿದ್ದರು, "ಆಗೂದಿಲ್ರಿ" ಎಂಬ ಉತ್ತರ ಬಂದಿತ್ತು. ನಾವು ಪಾವತಿಯನ್ನು ಮೇಜಿನ ಮೇಲೆ ಹರವಿ ಬಾಬುವಾರು ಬರೆದೆವು. ಪ್ರವೇಶ ಶುಲ್ಕ: ಹೆಸರು ದಾಖಲಿಸಿದ್ದಾರೆ. ಬೋಧನಾ ಶುಲ್ಕ: ಒಂದು ದಿನದ ಪಾಠವೂ ಆಗಿಲ್ಲ. ಬಸ್ಸು: ಹುಡುಗ ಹತ್ತಿಯೇ ಇಲ್ಲ. ಪುಸ್ತಕ: ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಲ್ಲ. ಸಮವಸ್ತ್ರದ ಬಟ್ಟೆ: ಟೇಲರ್ ಕತ್ತರಿ ಹಾಕಿಲ್ಲ. ಆ ಹಾಳೆ ಹಿಡಿದು ಹೋದಾಗ ಮಾತಿನ ಧಾಟಿಯೇ ಬದಲಾಯಿತು. ಬಸ್ಸಿನ ದುಡ್ಡು ಬಂತು, ಪುಸ್ತಕ ಬಟ್ಟೆ ಮರಳಿ ತೆಗೆದುಕೊಂಡರು, ಬೋಧನಾ ಶುಲ್ಕದಲ್ಲಿ ಅರ್ಧ ಕೊಟ್ಟರು, ಪ್ರವೇಶ ಶುಲ್ಕ ಇಟ್ಟುಕೊಂಡರು. ರೈತರು ಒಪ್ಪಿದರು.

ಬಾಬುವಾರು ಕೇಳುವುದಕ್ಕೆ ನ್ಯಾಯದ ಬೆಂಬಲವೂ ಇದೆ. ಕೊರೊನಾ ಕಾಲದ ಫೀ ಮೊಕದ್ದಮೆಯಲ್ಲಿ, 2021ರ ಮೇ 3ರಂದು ಸುಪ್ರೀಂ ಕೋರ್ಟ್, ಒದಗಿಸದ ಸೌಲಭ್ಯಕ್ಕೆ ದುಡ್ಡು ಕೇಳುವುದು ಲಾಭಕೋರತನ ಎಂಬರ್ಥದ ಮಾತು ಹೇಳಿ, ರಾಜಸ್ಥಾನದ ಶಾಲೆಗಳ ಶುಲ್ಕದಲ್ಲಿ ಶೇ 15 ಕಡಿತ ಮಾಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಕೂಡ ಅದೇ ಹಾದಿ ಹಿಡಿಯಿತು. ಆ ತೀರ್ಪುಗಳು ಬೇರೆ ಸಂದರ್ಭದವು ನಿಜ. ಆದರೂ ಬಳಸದ ಬಸ್ಸು, ಉಣ್ಣದ ಊಟದ ದುಡ್ಡು ಕೇಳುವಾಗ ಆ ತತ್ವವನ್ನು ಅರ್ಜಿಯಲ್ಲಿ ಧೈರ್ಯವಾಗಿ ಬರೆಯಬಹುದು.

ಅರ್ಜಿ ಎಂದೆನಲ್ಲ, ಅದು ಉದ್ದ ಇರಬೇಕಿಲ್ಲ. ಮಗುವಿನ ಹೆಸರು, ತರಗತಿ, ಪಾವತಿ ನಂಬರು, ಯಾವ ದಿನದಿಂದ ಬಿಡಿಸುತ್ತಿದ್ದೀರಿ, ಯಾವ ಬಾಬಿನಲ್ಲಿ ಎಷ್ಟು ವಾಪಸ್ ಬೇಕು, ಯಾವ ಬ್ಯಾಂಕ್ ಖಾತೆಗೆ: ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಲೆಯ ಸಿಕ್ಕಾ, ತಾರೀಖು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಲ್ಲೆವೆಂದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಮಗು ಬಿಟ್ಟ ದಿನ ಯಾವುದು ಎಂಬುದರ ಮೇಲೆ ಇಡೀ ಲೆಕ್ಕ ನಿಂತಿರುತ್ತದೆ. ಬಾಯಿಮಾತಿನಲ್ಲಿ ಹೇಳಿದ ದಿನಕ್ಕೆ ಸಾಕ್ಷಿ ಇರುವುದಿಲ್ಲ.

ಶಿಗ್ಗಾಂವಿ, ಹಾನಗಲ್ಲ ಕಡೆ ನಾನು ಹೆಚ್ಚು ಸಂಕಟಪಟ್ಟದ್ದು ನವೋದಯ, ಸೈನಿಕ ಶಾಲೆ ಪರೀಕ್ಷೆಯ ಕೋಚಿಂಗ್ ವಿಷಯದಲ್ಲಿ. ನಾಲ್ಕನೇ, ಐದನೇ ತರಗತಿಯ ಕೂಸುಗಳನ್ನು ದೂರದ ಹಾಸ್ಟೆಲಿನಲ್ಲಿ ಬಿಟ್ಟು ಬರುತ್ತಾರೆ. ಮಗು ಅತ್ತು ಕರೆದು, ಜ್ವರ ಬಂದು ಊರಿಗೆ ಮರಳುತ್ತದೆ, ದುಡ್ಡು ಅಲ್ಲೇ ಉಳಿಯುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ, ಹದಿನಾರು ವರ್ಷದೊಳಗಿನವರನ್ನು ಕೋಚಿಂಗಿಗೆ ಸೇರಿಸಿಕೊಳ್ಳಬಾರದು ಎನ್ನುತ್ತದೆ. ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀ, ಹಾಸ್ಟೆಲ್, ಊಟದ ದುಡ್ಡನ್ನು ಹತ್ತು ದಿನದೊಳಗೆ ಕೊಡಬೇಕು ಎಂದೂ ಹೇಳುತ್ತದೆ. ಶಾಲೆಗಳ ಸೇವೆ ಗ್ರಾಹಕ ಕಾಯ್ದೆಗೆ ಬರುವುದಿಲ್ಲ, ಕೋಚಿಂಗ್ ಬರುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ತೀರ್ಪು ಕೊಟ್ಟಿದೆ. ಆದ್ದರಿಂದ ಕೋಚಿಂಗ್ ದುಡ್ಡಿಗೆ ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕವೂ ಇಲ್ಲ. 1915ಕ್ಕೆ ಫೋನ್ ಮಾಡಿದರೆ ಮೊದಲ ಸಲಹೆ ಸಿಗುತ್ತದೆ.

ಶಾಲೆಯ ಫೀ ತಂಟೆ ಮಾತಿನಲ್ಲಿ ಬಗೆಹರಿಯದಿದ್ದರೆ ಬಿಇಒ, ಅಲ್ಲಿಂದ ಹಾವೇರಿಯ ಡಿಡಿಪಿಐ ಕಚೇರಿ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್ತಿನಲ್ಲೂ ರಾಜಿಗೆ ಕೂರಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. ಎಷ್ಟೋ ತಾಯಂದಿರಿಗೆ ಈ ವಿಷಯ ಗೊತ್ತೇ ಇಲ್ಲ.

ಶಾಲೆ ನಡೆಸುವವರ ಕಷ್ಟವೂ ನನಗೆ ಗೊತ್ತು. ತಾಲ್ಲೂಕು ಊರಿನ ಸಣ್ಣ ಶಾಲೆಯಲ್ಲಿ ಫೀ ಬಂದರೇ ಶಿಕ್ಷಕರಿಗೆ ಸಂಬಳ. ಸೀಟು ಹಿಡಿದಿಟ್ಟು ಖಾಲಿ ಉಳಿದರೆ ಅವರಿಗೂ ನಷ್ಟ. ಅದಕ್ಕೇ ಅವರಲ್ಲಿ ನನ್ನ ವಿನಂತಿ: ಯುಜಿಸಿ ಕಾಲೇಜುಗಳಿಗೆ ಮಾಡಿದ ಹಾಗೆ, ಯಾವ ದಿನದೊಳಗೆ ಬಿಟ್ಟರೆ ಎಷ್ಟು ವಾಪಸ್ ಎಂದು ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ, ಪಾವತಿಯ ಹಿಂದೆ ಅಚ್ಚು ಹಾಕಿಸಿ. ಪಾಲಕರೂ ದುಡ್ಡು ಎಣಿಸುವ ಮೊದಲು ಆ ಬರಹ ಕೇಳಲಿ, ಬಾಬುವಾರು ಪಾವತಿ ಪಡೆಯಲಿ, ಮೊರಾರ್ಜಿ ಫಲಿತಾಂಶ ಕಾಯುತ್ತಿದ್ದರೆ ಅದನ್ನು ಆಗಲೇ ಹೇಳಲಿ, ಕಂತಿನಲ್ಲಿ ಕಟ್ಟಲು ಒಪ್ಪಿಸಲಿ. ದುಡ್ಡಿನ ವ್ಯಾಜ್ಯ ಒಂದು ವರ್ಷ ಎಳೆದರೂ ಎಳೆಯಲಿ, ದೊಡ್ಡವರು ಕೂತು ಬಗೆಹರಿಸಿಕೊಳ್ಳುತ್ತೇವೆ. ಮಗು ಮಾತ್ರ ಒಂದು ದಿನವೂ ತರಗತಿಯಿಂದ ಹೊರಗೆ ಉಳಿಯಬಾರದು.