ಕ್ಯೂ ಕಲಿಸಿದ ಪಾಠ

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿದ್ದೆ. 2016ರ ನೋಟು ರದ್ದತಿ ಹೊತ್ತಿಗೆ ಬಯಲುಸೀಮೆಯ ತಾಲ್ಲೂಕು ಕೇಂದ್ರವೊಂದರ ಶಾಖೆಯಲ್ಲಿ ಮ್ಯಾನೇಜರ್. ಆಗಲೂ ಆಮೇಲೂ ಕಲಿತದ್ದು ಇಷ್ಟು.

1. ಇರುವಷ್ಟನ್ನೇ ಹೇಳಬೇಕು. ನವೆಂಬರ್ 10ರ ಬೆಳಿಗ್ಗೆ ಕ್ಯೂ ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಧೈರ್ಯ ತುಂಬಲೆಂದು "ಎಲ್ಲರಿಗೂ ಸಿಗುತ್ತೆ" ಎಂದುಬಿಟ್ಟೆ. ಮಧ್ಯಾಹ್ನ ಒಂದಕ್ಕೆ ಕ್ಯಾಷ್ ಖಾಲಿ. ರಾಗಿ ಕೊಯ್ಲಿನ ಕೂಲಿ ಕೊಡಬೇಕಿದ್ದ ರೈತರೊಬ್ಬರು ಬೈಯಲೂ ಇಲ್ಲ, ಸುಮ್ಮನೆ ನನ್ನ ಮುಖ ನೋಡಿ ಹೋದರು. ಮಾರನೆಯ ದಿನದಿಂದ ನಗದು ಪೂರೈಸುವ ಕರೆನ್ಸಿ ಚೆಸ್ಟ್‌ನಿಂದ ಬಂದದ್ದೆಷ್ಟು, ತಲೆಗೆಷ್ಟು ಎಂದು ಬೋರ್ಡಿನಲ್ಲಿ ಬರೆದು, ಅಷ್ಟೇ ಟೋಕನ್ ಕೊಟ್ಟೆವು. ಗಲಾಟೆ ಅರ್ಧಕ್ಕರ್ಧ ಇಳಿಯಿತು.

2. ಚಿಲ್ಲರೆಯೇ ಹಣ. ಬಂದದ್ದು 2000ದ ಗುಲಾಬಿ ನೋಟು. ಅಳತೆಯೇ ಬೇರೆ, ಆಗಿನ ಎಟಿಎಂ ಟ್ರೇಗೆ ಕೂರುತ್ತಿರಲಿಲ್ಲ. ಪಿಂಚಣಿ ಅಜ್ಜಿಯೊಬ್ಬರು ಅದನ್ನು ವಾಪಸ್ ತಂದು, "ಸ್ವಾಮಿ, ಇದನ್ನ ಯಾರೂ ಮುರಿಸಿಕೊಡ್ತಿಲ್ಲ, ಹತ್ತರ ನೋಟೇ ಕೊಡಿ" ಎಂದರು. ದೇವಸ್ಥಾನದವರನ್ನು ಕೇಳಿಕೊಂಡು ಹುಂಡಿ ಎಣಿಕೆ ಬೇಗ ಮಾಡಿಸಿದೆವು. ಆ ವಾರ ಊರಿನ ಸಂತೆ ನಡೆದದ್ದು ಆ ಚಿಲ್ಲರೆಯಿಂದಲೇ.

3. ನೆನಪಿನ ಮೇಲೆ ನಿಯಮ ಹೇಳಬೇಡಿ. ಹಳೆ ನೋಟು ಬದಲಾವಣೆಯ ಮಿತಿ 4,000 ಇದ್ದದ್ದು 4,500 ಆಯಿತು, ಆಮೇಲೆ 2,000, ನವೆಂಬರ್ 24ರ ನಂತರ ನಿಂತೇಹೋಯಿತು. ನಡುವೆ ಬೆರಳಿಗೆ ಶಾಯಿ ಬೇರೆ, ಓಟು ಹಾಕಿದವರಂತೆ!

4. ತಪ್ಪಿಲ್ಲದೆಯೂ ಹೆಸರು ಕೆಡುತ್ತದೆ. ನವೆಂಬರ್ 14ರಿಂದ ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕುಗಳು ಹಳೆ ನೋಟು ಮುಟ್ಟುವಂತಿರಲಿಲ್ಲ. ಆದೇಶ ರಿಸರ್ವ್ ಬ್ಯಾಂಕಿನದು. ಅವುಗಳನ್ನು ನೆಚ್ಚಿದ ಸಹಕಾರ ಸಂಘದ ಬಗ್ಗೆ "ಸೊಸೈಟಿ ಮುಳುಗಿತಂತೆ" ಎಂಬ ಮಾತು ಹಳ್ಳಿಯದು.

5. ಹೆದರಿದವರಿಗೆ ಭಾಷಣ ಬೇಡ, ದುಡ್ಡು ಕೊಡಿ. 2020ರ ಮಾರ್ಚ್ 5ರಂದು ಯೆಸ್ ಬ್ಯಾಂಕಿನ ಗ್ರಾಹಕರಿಗೆ ಹಣ ತೆಗೆಯಲು 50,000ದ ಮಿತಿ ಬಿತ್ತು. ನಮಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ ಎಫ್‌ಡಿ ಮುರಿಸಲು ಜನ ಬಂದರು. ಮೊದಲನೆಯವರಿಗೆ ಒಂದು ಮಾತೂ ಆಡದೆ, ಎಲ್ಲರೆದುರು ಎಣಿಸಿಕೊಟ್ಟೆ. ಹಿಂದಿದ್ದ ನಾಲ್ವರು ಕಾಫಿಗೆ ಹೋದರು, ತಿರುಗಿ ಬರಲಿಲ್ಲ.

6. ಠೇವಣಿ ವಿಮೆ ಎಷ್ಟೆಂದು ತಿಳಿದಿರಿ. 2020ರ ಫೆಬ್ರವರಿ 4ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ, ಅಸಲು ಬಡ್ಡಿ ಸೇರಿ, 5 ಲಕ್ಷ. ಅದೇ ಬ್ಯಾಂಕಿನ ಎರಡು ಶಾಖೆಯಲ್ಲಿಟ್ಟರೆ ಹತ್ತಾಗದು. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆಯೇ ಇಲ್ಲ. ಒಂದು ಪರ್ಸೆಂಟ್ ಹೆಚ್ಚು ಬಡ್ಡಿಗೆ ನೀವು ದುಡ್ಡಿಟ್ಟಿರುವುದು ಎಲ್ಲಿ, ಇವತ್ತೇ ಪಾಸ್‌ಬುಕ್ ತೆಗೆದು ನೋಡಿ.