ಕತ್ತಲಲ್ಲಿ ಬೆಳಗಿದ ಹಡಗು

ಮಕ್ಕಳೇ, ಪಕ್ಕದ ಚಿತ್ರವನ್ನು ಗಮನವಿಟ್ಟು ನೋಡಿ. ಆಕಾಶ ಕಪ್ಪಗಿದೆ. ಹಗ್ಗ, ಕಂಬಗಳೆಲ್ಲ ಬೆಳ್ಳಗೆ ಹೊಳೆಯುವ ಹಾಯಿಹಡಗೊಂದು ನಿಂತಿದೆ. ಸುತ್ತಲೂ ನೀರು ಕಾಣುವುದಿಲ್ಲ, ಮಂಜುಗಡ್ಡೆಯ ದಿಬ್ಬಗಳೇ ತುಂಬಿವೆ.

ಈ ಹಡಗಿನ ಹೆಸರು ಎಂಡ್ಯೂರೆನ್ಸ್. ಅರ್ನೆಸ್ಟ್ ಶಾಕಲ್ಟನ್ ಅವರ ತಂಡ ಅಂಟಾರ್ಕ್ಟಿಕಾ ಖಂಡವನ್ನು ನಡೆದು ದಾಟಲು ಇದರಲ್ಲಿ ಹೊರಟಿತ್ತು. 1915ರ ಜನವರಿಯಲ್ಲಿ ಹಡಗು ವೆಡೆಲ್ ಸಮುದ್ರದ ಮಂಜುಗಡ್ಡೆಯ ನಡುವೆ ಸಿಕ್ಕಿಕೊಂಡಿತು. ತಂಡದ ಛಾಯಾಗ್ರಾಹಕ ಫ್ರಾಂಕ್ ಹರ್ಲಿ ಅದೇ ವರ್ಷದ ಆಗಸ್ಟ್ 27ರ ರಾತ್ರಿ ಈ ಚಿತ್ರ ತೆಗೆದರು. ಆಗ ನಮ್ಮ ಹೊಸನಗರದಲ್ಲಿ ಮಳೆಗಾಲ, ದಕ್ಷಿಣ ಧ್ರುವದ ಕಡೆ ಚಳಿಗಾಲ!

ರಾತ್ರಿಯಲ್ಲಿ ಬೆಳಕು ಎಲ್ಲಿಂದ ಬಂತು? ಹರ್ಲಿ ದಿಬ್ಬಗಳ ಹಿಂದೆ ಮತ್ತು ಹಡಗಿನ ಬಳಿ ಮಿಂಚುಪುಡಿಯನ್ನು ಸುಮಾರು 20 ಸಲ ಉರಿಸಿದರು. ಹಗ್ಗಗಳಿಗೆ ಅಂಟಿದ್ದ ಬಿಳಿ ಹಿಮ ಆ ಬೆಳಕನ್ನು ಪ್ರತಿಫಲಿಸಿತು. ಆಕಾಶದಿಂದ ಬೆಳಕು ಹಿಂದಿರುಗಲಿಲ್ಲ, ಆದ್ದರಿಂದ ಅದು ಕಪ್ಪಾಗಿಯೇ ಉಳಿಯಿತು.

ಹಡಗು ಏಕೆ ಹೊರಬರಲಿಲ್ಲ? ಶರಾವತಿ ಹಿನ್ನೀರಿನಲ್ಲಿ ದೋಣಿ ಸಾಗುವಾಗ ನೀರು ಸರಿದು ದಾರಿ ಕೊಡುತ್ತದೆ. ಮಂಜುಗಡ್ಡೆ ಹಾಗೆ ಸರಿಯುವುದಿಲ್ಲ. ಗಾಳಿ ಮತ್ತು ಸಾಗರ ಪ್ರವಾಹಗಳು ದೊಡ್ಡ ದೊಡ್ಡ ಹಾಸುಗಳನ್ನು ಒಂದರ ಮೇಲೊಂದು ಒತ್ತುತ್ತವೆ. ಚಿತ್ರದ ದಿಬ್ಬಗಳು ಆ ಒತ್ತಡದ ಗುರುತುಗಳೇ. ಉತ್ತರ ಧ್ರುವ ಸಾಗರದಲ್ಲಿ 1893ರಿಂದ 1896ರವರೆಗೆ ಸಂಚರಿಸಿದ ನಾನ್ಸೆನ್ ಅವರ ಫ್ರಾಂ ಹಡಗಿನ ತಳ ದುಂಡಗಿತ್ತು. ಒತ್ತಿದಾಗ ಅದು ಮೇಲಕ್ಕೆ ಜಾರುತ್ತಿತ್ತು. ಎಂಡ್ಯೂರೆನ್ಸ್ ಹಾಗಿರಲಿಲ್ಲ. ಅದು ನುಗ್ಗಾಗಿ 1915ರ ನವೆಂಬರ್ 21ರಂದು ಮುಳುಗಿತು.

ಚಿತ್ರಗಳು ಹೇಗೆ ಉಳಿದವು? ಅವು ಗಾಜಿನ ಫಲಕಗಳ ಮೇಲಿದ್ದವು. ಮುರಿದ ಹಡಗಿನೊಳಗಿನ ಕೊರೆಯುವ ನೀರಿಗೆ ಇಳಿದು ಹರ್ಲಿ ಅವುಗಳನ್ನು ಹೊರತಂದರು. ಆದರೆ ಮುಂದಿನ ದಾರಿಗೆ ಭಾರ ಕಡಿಮೆ ಇರಬೇಕಿತ್ತು. ಶಾಕಲ್ಟನ್ ಮತ್ತು ಹರ್ಲಿ ಕುಳಿತು ಸುಮಾರು 120 ಫಲಕಗಳನ್ನು ಆರಿಸಿದರು. ಮತ್ತೆ ಮನಸ್ಸು ಬದಲಾಗಬಾರದೆಂದು ಉಳಿದ ಸುಮಾರು 400 ಫಲಕಗಳನ್ನು ಅಲ್ಲೇ ಒಡೆದುಹಾಕಿದರು. 1916ರ ಆಗಸ್ಟ್ ವೇಳೆಗೆ ಹಡಗಿನ 28 ಜನರೂ ಬದುಕಿ ಪಾರಾದರು. ಆರಿಸಿದ ಚಿತ್ರಗಳೂ ಉಳಿದವು.

2022ರ ಮಾರ್ಚ್‌ನಲ್ಲಿ ವಿಜ್ಞಾನಿಗಳು 3,008 ಮೀಟರ್ ಆಳದಲ್ಲಿ ಈ ಹಡಗನ್ನು ಕಂಡುಹಿಡಿದರು. ಮರ ಕೊರೆಯುವ ಜೀವಿಗಳು ಆ ತಣ್ಣನೆಯ ನೀರಿನಲ್ಲಿ ಇಲ್ಲದ ಕಾರಣ ಅದರ ಮರ ಚೆನ್ನಾಗಿಯೇ ಉಳಿದಿತ್ತು. ಹಿಂಬದಿಯ ಹೆಸರನ್ನೂ ಓದಬಹುದಿತ್ತು!

ಮಾಡಿ ನೋಡಿ

ನಾರು ತೆಗೆದ ಅರ್ಧ ತೆಂಗಿನ ಕರಟವನ್ನು ಬಾಯಿ ಮೇಲಾಗಿ ಮೇಜಿನ ಮೇಲಿಡಿ. ಎರಡು ಪುಸ್ತಕಗಳನ್ನು ಮಲಗಿಸಿ, ಅವುಗಳ ಅಂಚಿನಿಂದ ಕರಟವನ್ನು ಎರಡೂ ಬದಿಯಿಂದ ಒತ್ತಿರಿ. ಏನಾಯಿತು? ಈಗ ಖಾಲಿ ಬೆಂಕಿಪೊಟ್ಟಣದ ಹೊರಕವಚವನ್ನು ಮದ್ದು ಹಚ್ಚಿದ ಬದಿ ಕೆಳಗಾಗುವಂತೆ ನಿಲ್ಲಿಸಿ, ಹಾಗೆಯೇ ಒತ್ತಿರಿ. ಯಾವುದು ಮೇಲೆದ್ದಿತು, ಯಾವುದು ನುಗ್ಗಾಯಿತು? ಕಾರಣವನ್ನು ಚಿತ್ರ ಸಹಿತ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆಯಿರಿ.

ಯೋಚಿಸಿ: ನಿಮ್ಮ ಶಾಲೆಯ ಹಳೆಯ ಫೋಟೋ ಒಂದನ್ನು ನೋಡಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ? ನೆರಳಿನಿಂದ ಹೇಗೆ ತಿಳಿಯುವಿರಿ?