ನಕ್ಷೆ ಹಿಡಿದು ನಡೆಯುವವರು ಬೀಳುವುದೇಕೆ?

ನಕ್ಷೆ ಮತ್ತು ದಿಕ್ಸೂಚಿಗಳ ಸಹಾಯದಿಂದ, ಗೊತ್ತುಪಡಿಸಿದ ಗುರುತುಗಳನ್ನು ಒಂದೊಂದಾಗಿ ಹುಡುಕಿ, ಎಲ್ಲರಿಗಿಂತ ಬೇಗ ಗುರಿ ಮುಟ್ಟುವ ಆಟಕ್ಕೆ ಓರಿಯೆಂಟಿಯರಿಂಗ್ ಎಂದು ಹೆಸರು. ಇದು ಸ್ವೀಡನ್ನಿನ ಸೈನ್ಯದಲ್ಲಿ ಬೆಳೆದ ವಿದ್ಯೆ. ಸಾರ್ವಜನಿಕರಿಗಾಗಿ ಇದರ ಮೊದಲ ಸ್ಪರ್ಧೆ 1897ರಲ್ಲಿ ನಾರ್ವೆ ದೇಶದಲ್ಲಿ ನಡೆಯಿತು. ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದುದು 1961ರಲ್ಲಿ. ಗುರುತಿನಿಂದ ಗುರುತಿಗೆ ದಾರಿ ಹಿಡಿದೂ ಹೋಗಬಹುದು, ದಾರಿ ಬಿಟ್ಟೂ ಹೋಗಬಹುದು. ದಾರಿ ಬಿಟ್ಟವನಿಗೆ ದೂರ ಕಡಿಮೆಯಾಗುತ್ತದೆ; ಕಾಲು ತಪ್ಪುವ ಅಪಾಯ ಹೆಚ್ಚಾಗುತ್ತದೆ. ಆ ಅಪಾಯವನ್ನು ಅರಿಯುವುದೇ ಈ ಪಾಠದ ಉದ್ದೇಶ.

ನೆಲದ ಪರಿಚಯ

ವಯನಾಡು ಜಿಲ್ಲೆಯ ಮರಕ್ಕಡವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇದು ಕಬಿನಿ ನದಿಯ ದಂಡೆಯ ಮೇಲಿನ ಊರು. ಕಡವು ಎಂದರೆ ಹೊಳೆ ದಾಟುವ ಸ್ಥಳ. ಆಚೆ ದಡದಲ್ಲಿ ಮೈಸೂರು ಜಿಲ್ಲೆಯ ಬೈರಕುಪ್ಪೆ ಇದೆ. ಇಂಥ ಊರಿನಲ್ಲಿ ನದಿಯೇ ಒಂದು ದೊಡ್ಡ ಗುರುತು. ದಂಡೆಯುದ್ದಕ್ಕೆ ಹೋಗುವಾಗ ನದಿ ಎಡಗೈಗೆ ಇದ್ದರೆ, ಅದೇ ದಡದಲ್ಲಿ ಹಿಂದಿರುಗುವಾಗ ಬಲಗೈಗೆ ಇರಬೇಕು. ಆದರೆ ನದಿ ತಿರುವುಗಳಲ್ಲಿ ಹರಿಯುವುದರಿಂದ ಅದೊಂದನ್ನೇ ನಂಬದೆ ದಿಕ್ಸೂಚಿಯನ್ನೂ ನೋಡಬೇಕು.

ಏರು ಇಳಿತವನ್ನು ತಿಳಿಸುವುದು ನಕ್ಷೆಯ ಸಮೋನ್ನತ ರೇಖೆಗಳು. 1:50,000 ಪ್ರಮಾಣದ ನಕ್ಷೆಯಲ್ಲಿ 1 ಮಿಲಿಮೀಟರ್ ಎಂದರೆ ನೆಲದಲ್ಲಿ 50 ಮೀಟರ್. ರೇಖೆಯಿಂದ ರೇಖೆಗೆ ಎತ್ತರದ ಅಂತರ 20 ಮೀಟರ್ ಎಂದಿಟ್ಟುಕೊಳ್ಳಿ. ಎರಡು ರೇಖೆಗಳ ನಡುವೆ 2 ಮಿಲಿಮೀಟರ್ ಇದ್ದರೆ, 100 ಮೀಟರ್ ನಡೆಯುವಷ್ಟರಲ್ಲಿ 20 ಮೀಟರ್ ಏರಬೇಕು ಅಥವಾ ಇಳಿಯಬೇಕು. ರೇಖೆಗಳು ಒತ್ತಾಗಿದ್ದರೆ ಅಲ್ಲಿ ಕಡಿದಾದ ಇಳಿಜಾರು ಇದೆ ಎಂದರ್ಥ. ಅದನ್ನು ಬಳಸಿಕೊಂಡು ಹೋಗುವುದೇ ಬುದ್ಧಿವಂತಿಕೆ. ಆದರೆ ಬೇರು, ಗುಂಡಿ, ಹಾವಸೆ ಹಿಡಿದ ಕಲ್ಲು ಈ ನಕ್ಷೆಯಲ್ಲಿ ಇರುವುದಿಲ್ಲ. ಅವನ್ನು ಕಣ್ಣೇ ಓದಬೇಕು.

ಮೂರು ಕ್ರಿಯಾಪದಗಳು

ಬೀಳುವುದಕ್ಕೆ ಮೊದಲು ಏನಾಗುತ್ತದೆಂಬುದನ್ನು ನಮ್ಮ ಭಾಷೆ ಚೆನ್ನಾಗಿ ವಿಂಗಡಿಸಿದೆ.

ಎಡವುವುದು: ಕಾಲಬೆರಳು ಬೇರಿಗೋ ಕಲ್ಲಿಗೋ ತಾಗುವುದು. ಕಣ್ಣು ನಕ್ಷೆಯ ಮೇಲಿದ್ದು ಕಾಲು ಮುಂದೆ ಹೋಗುತ್ತಿದ್ದರೆ ಹೀಗಾಗುತ್ತದೆ. ತರಗೆಲೆ ಮುಚ್ಚಿದ ನೆಲದಲ್ಲಿ ಕಾಲನ್ನು ಎಳೆಯದೆ ಎತ್ತಿಡಬೇಕು.

ಜಾರುವುದು: ಇಟ್ಟ ಹೆಜ್ಜೆ ನಿಲ್ಲದಿರುವುದು. ಮಳೆಗಾಲದಲ್ಲಿ ಕೆಸರಾದ ಕೆಮ್ಮಣ್ಣಿನ ಇಳಿಜಾರು ಇದಕ್ಕೆ ಹೇಳಿಮಾಡಿಸಿದ ಜಾಗ. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಸ್ವಲ್ಪ ಬಾಗಿರಲಿ. ನೇರವಾಗಿ ಇಳಿಯದೆ ಓರೆಯಾಗಿ ಇಳಿಯಬೇಕು.

ಮುಗ್ಗರಿಸುವುದು: ಮೈ ಕಾಲಿಗಿಂತ ಮುಂದಾಗಿ ಬಾಗಿ ಬೀಳುವಂತಾಗುವುದು. ಗುರುತು ಕಣ್ಣಿಗೆ ಬಿದ್ದೊಡನೆ ಇಳಿಜಾರಿನಲ್ಲಿ ಓಡುವವನ ಗತಿ ಇದು. ಆತುರವೇ ಇದಕ್ಕೆ ಕಾರಣ.

ಈ ಮೂರಕ್ಕೂ ಒಂದೇ ಸೂತ್ರ: ನಕ್ಷೆ ನೋಡುವಾಗ ನಿಲ್ಲಬೇಕು, ನಡೆಯುವಾಗ ನೆಲ ನೋಡಬೇಕು.

ಬಿದ್ದ ಮೇಲೆ

ಬಿದ್ದವನು ನಾಚಿಕೆಯಿಂದ ಥಟ್ಟನೆ ಎದ್ದು ಓಡತೊಡಗುವುದು ವಾಡಿಕೆ. ಅದು ತಪ್ಪು. ಎಡವಿದ ಬೆರಳೇ ಎಡವುವುದು ಹೆಚ್ಚು ಎಂಬ ಗಾದೆಯಿದೆ. ಮೊದಲು ಕುಳಿತು ಉಸಿರು ತಹಬಂದಿಗೆ ತಂದುಕೊಳ್ಳಬೇಕು. ತಲೆ, ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಅವನನ್ನು ಅಲುಗಾಡಿಸಬಾರದು. ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಕಾಲು ಉಳುಕಿದ್ದರೆ ವಿಶ್ರಾಂತಿ ಕೊಟ್ಟು, ತಣ್ಣೀರಿನ ಬಟ್ಟೆಯಿಟ್ಟು, ಕಾಲನ್ನು ಎತ್ತರದಲ್ಲಿಡಬೇಕು. ಉಳುಕು ತೆಗೆಯುತ್ತೇವೆಂದು ಎಳೆಯುವುದು, ತಿಕ್ಕುವುದು ಕೂಡದು. ಒಳಗೆ ಮೂಳೆ ಮುರಿದಿರಬಹುದು.

ತಂಡದಲ್ಲಿ ನಾಲ್ವರಿದ್ದರೆ ಒಬ್ಬರು ಗಾಯಾಳುವಿನ ಬಳಿ ಉಳಿಯಬೇಕು. ಇಬ್ಬರು ಆ ಸ್ಥಳವನ್ನು ನಕ್ಷೆಯಲ್ಲಿ ಗುರುತು ಮಾಡಿಕೊಂಡು ಸಹಾಯಕ್ಕೆ ಹೋಗಬೇಕು. ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಪರ್ವತಾರೋಹಿಗಳ ಸಂಕಟಸೂಚನೆ. ದೂರವಾಣಿ ಇದ್ದರೆ 112ಕ್ಕೆ ಕರೆ ಮಾಡಬೇಕು. ಮರಕ್ಕಡವಿನಂಥ ಗಡಿಯಲ್ಲಿರುವವರು ತಾವು ಯಾವ ರಾಜ್ಯದಲ್ಲಿ, ನದಿಯ ಯಾವ ದಡದಲ್ಲಿ ಇದ್ದೇವೆಂಬುದನ್ನು ಮೊದಲು ಹೇಳಬೇಕು.

2022ರ ಫೆಬ್ರವರಿಯ ಎರಡು ಘಟನೆಗಳನ್ನು ನೆನೆಯಬಹುದು. ಪಾಲಕ್ಕಾಡು ಜಿಲ್ಲೆಯ ಮಲಂಪುಳದ ಬಳಿ ಬೆಟ್ಟದಿಂದ ಜಾರಿದ ಯುವಕನೊಬ್ಬ ಅನ್ನನೀರಿಲ್ಲದೆ ಬಂಡೆಯ ಸಂದಿನಲ್ಲಿ 40 ಗಂಟೆಗೂ ಮೀರಿ ಕುಳಿತಿದ್ದ. ಸೈನಿಕರು ಅವನನ್ನು ಮೇಲೆತ್ತಿದರು. ಅದೇ ತಿಂಗಳು ನಂದಿ ಬೆಟ್ಟದಲ್ಲಿ ಸುಮಾರು 300 ಅಡಿ ಕೆಳಗೆ ಬಿದ್ದ ವಿದ್ಯಾರ್ಥಿಯೊಬ್ಬನನ್ನು ವಾಯುಪಡೆಯ ಹೆಲಿಕಾಪ್ಟರ್ ರಕ್ಷಿಸಿತು. ಇವರು ಓರಿಯೆಂಟಿಯರಿಂಗ್ ಆಡುತ್ತಿದ್ದವರಲ್ಲ. ಆದರೆ ಬಿದ್ದವನು ಸುರಕ್ಷಿತವಾದ ಸ್ಥಳದಲ್ಲಿ ಕದಲದೆ ಕಾದರೆ ಸಹಾಯ ಬಂದು ತಲುಪಬಹುದು ಎಂಬುದನ್ನು ಇಬ್ಬರ ಅನುಭವವೂ ತೋರಿಸುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಕಬಿನಿಯ ಆಚೆಗಿರುವ ನಾಗರಹೊಳೆಯ ಕಾಡು ಆನೆ, ಹುಲಿಗಳ ನೆಲೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ಕಾಲಿಡುವಂತಿಲ್ಲ. ಅಭ್ಯಾಸಕ್ಕೆ ಶಾಲೆಯ ಮೈದಾನ ಸಾಕು. ಒಡೆಯರು ಒಪ್ಪಿದರೆ ಕಾಫಿ ತೋಟವೂ ಆಗಬಹುದು. ಹಿರಿಯರೊಬ್ಬರು ಜೊತೆಗಿರಲಿ.

ಅಭ್ಯಾಸ

1. ನೂರು ಮೀಟರಿಗೆ ನಿಮ್ಮ ಹೆಜ್ಜೆ ಎಷ್ಟು? ಸಮನೆಲದಲ್ಲಿ ಒಮ್ಮೆ, ಇಳಿಜಾರಿನಲ್ಲಿ ಒಮ್ಮೆ ಎಣಿಸಿ ಹೋಲಿಸಿರಿ.
2. ಮನೆಯಿಂದ ಶಾಲೆಯವರೆಗಿನ ನಕ್ಷೆ ಬರೆದು, ಕಾಲು ಜಾರುವ ಸ್ಥಳಗಳನ್ನು ಗುರುತಿಸಿರಿ.
3. ಎಡವು, ಜಾರು, ಮುಗ್ಗರಿಸು: ಈ ಪದಗಳನ್ನು ಸ್ವಂತ ವಾಕ್ಯಗಳಲ್ಲಿ ಬಳಸಿರಿ.